ಬೆಳ್ಳಿ ಆಮೇಲೆ ಏನಾದಳು?

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ವಿಮರ್ಶಕರು ಚೋಮನ ಬಗ್ಗೆ ಬರೆದದ್ದನ್ನೆಲ್ಲ ಒಟ್ಟು ಮಾಡಿದರೆ ಒಂದು ಗಾಡಿ ತುಂಬುತ್ತದೆ. ದುಡಿ ಯಾತರ ಸಂಕೇತ? ಚೋಮನಿಗೆ ನೆಲದ ಮೇಲೆ ಯಾಕೆ ಅಷ್ಟು ಹಂಬಲ? ಮತಾಂತರಕ್ಕೆ ಹೊರಟವನು ಯಾಕೆ ತಿರುಗಿ ಬಂದ? ಇವನು ದುರಂತ ನಾಯಕ ಹೌದೋ ಅಲ್ಲವೋ? ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವೂ ಇದಕ್ಕೆಲ್ಲ ಹತ್ತು ಅಂಕದ ಉತ್ತರ ಬರೆದು ಪಾಸಾದವರೇ. ಆದರೆ ಬೆಳ್ಳಿ ಆಮೇಲೆ ಏನಾದಳು ಅಂತ ನಾವು ಕಂಡ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ, ಯಾವ ಗೈಡೂ ಹೇಳಲಿಲ್ಲ. ಈ ಲೇಖನ ಆ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು.

ಬೆಳ್ಳಿಯ ಕಥೆಯನ್ನು ಇವತ್ತಿನ ಕಣ್ಣಿನಿಂದ ಮತ್ತೊಮ್ಮೆ ನೋಡೋಣ. ಚೋಮನ ತಲೆಯ ಮೇಲೆ ಕಾಫಿ ತೋಟದ ಸಾಲ ಇದೆ. ಅದನ್ನು ತೀರಿಸಲಿಕ್ಕೆ ಮೊದಲು ಚನಿಯ, ಗುರುವ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರ ಹತ್ತಿ ಸಾಯುತ್ತಾನೆ, ಗುರುವ ಕ್ರೈಸ್ತರ ಹೆಣ್ಣಿನ ಜೊತೆ ಅಲ್ಲೇ ನಿಲ್ಲುತ್ತಾನೆ. ಸಾಲ ಮಾತ್ರ ಹಾಗೇ ಕೂತಿದೆ. ಕೊನೆಗೆ ಬೆಳ್ಳಿ ಹೋಗುತ್ತಾಳೆ. ತೋಟದ ರೈಟರ ಮನ್ವೇಲನ ಕಣ್ಣು ಅವಳ ಮೇಲೆ ಬೀಳುತ್ತದೆ. ಗಂಡುಮಕ್ಕಳ ಬೆವರಿನಿಂದ ಅಳಿಯದ ಸಾಲ ಅವಳ ಮೈಯಿಂದ ಅಳಿಯುತ್ತದೆ. ಊರಿಗೆ ಬಂದ ಮೇಲೂ ಮನ್ವೇಲ ಬಿಡುವುದಿಲ್ಲ. ಅಪ್ಪನಿಗೆ ವಿಷಯ ಗೊತ್ತಾಗುತ್ತದೆ. ಅವನು ಮಗಳ ಮೇಲೆ ಸಿಟ್ಟಾಗುತ್ತಾನೆ, ನೇಗಿಲು ಸುಡುತ್ತಾನೆ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಕಾದಂಬರಿ ಮುಗಿಯಿತು. ಬೆಳ್ಳಿ ಹೊರಗೆ ನಿಂತಿದ್ದಾಳೆ.

ಸಾಲ ಕೊಟ್ಟು ಆಳನ್ನು ಕಟ್ಟಿಹಾಕುವುದು, ಮನೆಯಿಂದ ದೂರ ಒಯ್ಯುವುದು, ಲೆಕ್ಕದ ಪುಸ್ತಕ ತನ್ನ ಕೈಯಲ್ಲೇ ಇಟ್ಟುಕೊಳ್ಳುವುದು, ಆ ಪುಸ್ತಕ ತೋರಿಸಿ ಮೈಯನ್ನೂ ತೆಗೆದುಕೊಳ್ಳುವುದು. ಇದಕ್ಕೆ ಇವತ್ತಿನ ಕಾನೂನಿನಲ್ಲಿ ಮಾನವ ಕಳ್ಳಸಾಗಣೆ ಅಂತ ಹೆಸರು. 'ಅವಳೇ ಒಪ್ಪಿದಳಲ್ಲ' ಅಂತ ಹೇಳುವವರು ಚೋಮನ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. 2013ರಲ್ಲಿ ಭಾರತೀಯ ದಂಡಸಂಹಿತೆಯ 370ನೇ ಕಲಮನ್ನು ಬದಲಿಸಿದಾಗ, ಈ ಅಪರಾಧದಲ್ಲಿ ಒಳಗಾದವಳ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಸ್ಪಷ್ಟವಾಗಿ ಬರೆದರು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲೂ ಅದೇ ಮಾತಿದೆ. ಹಸಿವಿನ ಎದುರು, ಅಪ್ಪನ ಸಾಲದ ಎದುರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದನ್ನು ಕಾನೂನು ಕೊನೆಗಾದರೂ ಒಪ್ಪಿತು. ನಮ್ಮ ವಿಮರ್ಶೆ ಇನ್ನೂ ಒಪ್ಪಿಲ್ಲ. ಇವತ್ತಿಗೂ ಬೆಳ್ಳಿ ಎಂದರೆ 'ಜಾರಿದ ಮಗಳು', ಚೋಮನ ದುರಂತಕ್ಕೆ ಕೊನೆಯ ಏಟು.

ಕಾರಂತರನ್ನು ಸಣ್ಣವರನ್ನಾಗಿ ಮಾಡುವುದು ನಮ್ಮ ಉದ್ದೇಶವಲ್ಲ. ಜಾತಿ, ಸಾಲ, ತೋಟ, ಹೆಣ್ಣಿನ ಮೈ ಇವು ಒಂದಕ್ಕೊಂದು ಗಂಟುಬಿದ್ದಿರುವುದನ್ನು 1933ರಲ್ಲೇ ಬಿಡಿಸಿ ತೋರಿಸಿದವರು ಅವರು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದನ್ನು ಅವರಷ್ಟು ಸರಿಯಾಗಿ ಕಂಡ ಲೇಖಕರು ಆಗ ಕಡಿಮೆ. ಆದರೆ ಆ ಕಥೆ ತಂದೆಯ ಕಥೆಯಾಗಿ ಮುಗಿಯಿತು. ಮಗಳ ಮೈ ಮೇಲೆ ನಡೆದದ್ದು ತಂದೆಯ ಎದೆ ಒಡೆದ ಲೆಕ್ಕಕ್ಕೆ ಜಮಾ ಆಯಿತು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ಅದೇ 1975ರ ಅಕ್ಟೋಬರಿನಲ್ಲಿ ಜೀತಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಬಂದು, 1976ರಲ್ಲಿ ಕಾಯ್ದೆಯಾಯಿತು. ಥಿಯೇಟರಿನಲ್ಲಿ ಕೂತವರು ಚೋಮನಿಗಾಗಿ ಅತ್ತು ಮನೆಗೆ ಹೋದರು. ಕಾಯ್ದೆಯ ಪ್ರಕಾರ ಬೆಳ್ಳಿಯ ಸಾಲ ರದ್ದಾಯಿತು. ಬೆಳ್ಳಿ ಎಲ್ಲಿಗೆ ಹೋದಳು?

*

ಕನ್ನಡದಲ್ಲಿ ಮಾರಾಟವಾದ ಹೆಣ್ಣಿನ ಬಗ್ಗೆ ಬರೆದದ್ದು ಕಡಿಮೆಯೇನಿಲ್ಲ. ಅ.ನ.ಕೃ. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ನಾಡೆಲ್ಲ ಗುಲ್ಲೆದ್ದಿತು. ಆ ಗುಲ್ಲು ಎಂಥದ್ದು? ಇದು ಅಶ್ಲೀಲವೋ ಅಲ್ಲವೋ, ಓದಿದ ಹುಡುಗರು ಕೆಡುತ್ತಾರೋ ಇಲ್ಲವೋ ಎಂಬುದು. ಅ.ನ.ಕೃ. ಅದಕ್ಕೆ ಉತ್ತರವಾಗಿ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಅಂತ ಒಂದು ಪುಸ್ತಕವನ್ನೇ ಬರೆದರು. ಈಗ ಆ ಜಗಳವನ್ನು ದೂರದಿಂದ ನೋಡಿದರೆ ಒಂದು ವಿಷಯ ಕಾಣುತ್ತದೆ. ಎರಡು ಕಡೆಯವರೂ ಮಾತಾಡುತ್ತಿದ್ದದ್ದು ಓದುಗನ ಬಗ್ಗೆ, ಅವನ ಶೀಲದ ಬಗ್ಗೆ. ಕಾದಂಬರಿಯ ಒಳಗಿನ ಹೆಂಗಸಿಗೆ ಬಾಡಿಗೆ ಮನೆ ಸಿಗುತ್ತದೋ, ಅವಳ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುತ್ತಾರೋ, ಅವಳ ಕೈಗೆ ಕೂಲಿಯ ಕೆಲಸ ಯಾರು ಕೊಡುತ್ತಾರೆ ಎಂಬುದು ಆ ಚರ್ಚೆಯ ವಿಷಯವೇ ಆಗಲಿಲ್ಲ. 1970ರಲ್ಲಿ ಕಾರಂತರು 'ಮೈಮನಗಳ ಸುಳಿಯಲ್ಲಿ' ಬರೆದು ಮಂಜುಳೆಯ ಬದುಕನ್ನು ಅವಳ ಒಳಗಿನಿಂದ ನೋಡಲು ಯತ್ನಿಸಿದರು. ದೊಡ್ಡ ಯತ್ನವೇ. ಆದರೆ ಮಂಜುಳೆಗೆ ಸಂಗೀತ ಇತ್ತು, ಮನೆ ಇತ್ತು, ಹೆಸರಿತ್ತು. ಬೆಳ್ಳಿಗೆ ಏನಿತ್ತು?

ನವ್ಯದವರು ಬಂದ ಮೇಲಂತೂ ಎಲ್ಲವೂ ವ್ಯಕ್ತಿಯ ಒಳಗಿನ ತಳಮಳವಾಯಿತು. ಬಂಡಾಯದ ಕವಿತೆ ಆ ಬಾಗಿಲನ್ನು ಒಡೆದು ಬೀದಿಗೆ ಬಂತು, ನಿಜ. ಆದರೆ ಬೀದಿಗೆ ಬಂದ ಕವಿತೆಯಲ್ಲೂ ಮಾರಾಟವಾದ ಅಕ್ಕ ಬಹಳ ಸಲ ಒಂದು ರೂಪಕವಾಗಿಯೇ ಬರುತ್ತಾಳೆ. 'ನನ್ನ ಅಕ್ಕನನ್ನು ಮಾರಿದಿರಿ' ಅಂತ ಕವಿ ಧಣಿಯ ಮುಂದೆ ಗರ್ಜಿಸುತ್ತಾನೆ. ಗರ್ಜನೆ ತಪ್ಪಲ್ಲ. ಆದರೆ ಅಲ್ಲಿ ಅವಮಾನ ಆದದ್ದು ತಮ್ಮನಿಗೆ, ಸಿಟ್ಟು ಬಂದದ್ದು ತಮ್ಮನಿಗೆ, ಕವಿತೆಯೂ ತಮ್ಮನದೇ. ಅಕ್ಕ ಬಾಯಿ ಬಿಡುವುದಿಲ್ಲ. ಚೋಮನ ಗುಡಿಸಲಿನಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ.

ಇದಕ್ಕೆ ಎದುರಾಗಿ ಒಂದು ಪುಸ್ತಕ ನೆನಪಾಗುತ್ತದೆ. ಅಮೆರಿಕದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸ್ ಎಂಬ ಹೆಂಗಸು 1861ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಅಚ್ಚು ಮಾಡಿಸಿದಳು. ಒಡೆಯನ ಕಾಟ ತಪ್ಪಿಸಿಕೊಳ್ಳಲು ಅಜ್ಜಿಯ ಮನೆಯ ಅಟ್ಟದ ಮೇಲೆ, ನೆಟ್ಟಗೆ ನಿಲ್ಲಲೂ ಆಗದ ಜಾಗದಲ್ಲಿ, ಹತ್ತಿರಹತ್ತಿರ ಏಳು ವರ್ಷ ಅಡಗಿದ್ದವಳು. ಆ ಪುಸ್ತಕದ ಕೊನೆಯಲ್ಲಿ ಅವಳಿಗೆ ಬಿಡುಗಡೆ ಸಿಗುತ್ತದೆ. ಆದರೆ ಅವಳು ಅಲ್ಲಿಗೆ 'ಶುಭಂ' ಅಂತ ಹಾಕುವುದಿಲ್ಲ. ತನಗೂ ತನ್ನ ಮಕ್ಕಳಿಗೂ ಸ್ವಂತದ ಒಂದು ಮನೆ, ಒಂದು ಒಲೆ ಬೇಕಿತ್ತು, ಅದಿನ್ನೂ ಆಗಿಲ್ಲ ಅಂತ ಲೆಕ್ಕ ಹೇಳಿಯೇ ಮುಗಿಸುತ್ತಾಳೆ. ಮಾರಾಟವಾದವಳು ತಾನೇ ಬರೆದಾಗ ಕಥೆ ಹೇಗೆ ಬೇರೆಯಾಗುತ್ತದೆ ನೋಡಿ. ಬೇರೆಯವರು ಬರೆದ ಕಥೆ ಕಣ್ಣೀರಿನಲ್ಲಿ ಮುಗಿಯುತ್ತದೆ. ಅವಳು ಬರೆದದ್ದು ಮನೆಯ ಪ್ರಶ್ನೆಯಲ್ಲಿ ನಿಲ್ಲುತ್ತದೆ.

*

ಅಮೆರಿಕದವರೆಗೆ ಹೋಗುವುದು ಯಾಕೆ? ನಮ್ಮ ಕಾಲ ಬುಡದಲ್ಲೇ ಇಂಥ ಕಥೆ ಇದೆ. ಅಂಕೋಲೆಯಿಂದ ಹುಬ್ಬಳ್ಳಿ ಕಡೆ ಘಟ್ಟ ಹತ್ತುವ ದಾರಿಯಲ್ಲಿ, ಗಂಗಾವಳಿ ಹೊಳೆಯ ಬದಿಗೆ, ರಾಮನಗುಳಿ ಸಿಗುತ್ತದೆ. ಬಳ್ಳಾರಿಯ ಅದಿರು ಲಾರಿಗಟ್ಟಲೆ ಬೇಲೆಕೇರಿ ಬಂದರಿಗೆ ಇಳಿದದ್ದು ಇದೇ ದಾರಿಯಲ್ಲಿ. 2010ರಲ್ಲಿ ಆ ಹಗರಣ ಹೊರಬಿದ್ದಾಗ ಎಷ್ಟು ಟನ್ ಮಣ್ಣು ಹೋಯಿತು, ಯಾವ ಹಡಗಿಗೆ ಹೋಯಿತು ಅಂತ ಲೆಕ್ಕ ತೆಗೆದರು. ಈ ದಾರಿಯಲ್ಲಿ, ಈ ಕರಾವಳಿಯಲ್ಲಿ ಮನುಷ್ಯರೂ ಮಾರಾಟಕ್ಕೆ ಹೋದರು, ಬಂದರು. ಅದರ ಲೆಕ್ಕವನ್ನು ಯಾರೂ ತೆಗೆದಿಲ್ಲ.

ರಾಮನಗುಳಿಯಿಂದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೊಯಿಡಾದವರೆಗೆ ಕಾಡಂಚಿನಲ್ಲಿ ಸಿದ್ದಿಗಳು ಇದ್ದಾರೆ. ಅಂಕೋಲೆ ಕಡೆಗೂ ಇದ್ದಾರೆ. ಇವರು ಇಲ್ಲಿಗೆ ಹೇಗೆ ಬಂದರು? 1510ರಲ್ಲಿ ಪೋರ್ತುಗೀಜರು ಗೋವೆ ಹಿಡಿದರು. ಆಮೇಲೆ ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕದ ದಂಡೆಯಿಂದ ಹಡಗು ತುಂಬ ಜನರನ್ನು ತಂದು ಮಾರಿದರು. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಲಿನ್‌ಸ್ಖೋಟನ್ ಎಂಬ ಡಚ್ಚರವನು ಗೋವೆಯ ಪೇಟೆಬೀದಿಯಲ್ಲಿ ಬೇರೆ ಸಾಮಾನಿನ ಜೊತೆಗೆ ಮನುಷ್ಯರನ್ನೂ ಹರಾಜು ಹಾಕುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಒಡೆಯನ ಕೈಯಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ, ಘಟ್ಟದ ಕಾಡು ಹೊಕ್ಕರು. ಪೋರ್ತುಗೀಜರು ತಮ್ಮ ನೆಲದಲ್ಲೆಲ್ಲ ಗುಲಾಮಗಿರಿ ರದ್ದು ಅಂತ ಕಾಗದದ ಮೇಲೆ ಬರೆದದ್ದು 1869ರಲ್ಲಿ. ಕಾಲಿಗೆ ಬುದ್ಧಿ ಹೇಳಿದವರು ಆ ಕಾಗದಕ್ಕೆ ಕಾಯಲಿಲ್ಲ.

ಅಂದರೆ ಬೆಳ್ಳಿ ಆಮೇಲೆ ಏನಾದಳು ಎಂಬ ನಮ್ಮ ಪ್ರಶ್ನೆಗೆ ಒಂದು ಇಡೀ ಜನಾಂಗ ಇಲ್ಲಿ ಉತ್ತರವಾಗಿ ಬದುಕಿದೆ. ಅವರ 'ಆಮೇಲೆ' ಎಂಥದ್ದು? ಓಡಿಬಂದವರಿಗೆ ಕಾಡು ಮರೆ ಕೊಟ್ಟಿತು, ನೆಲ ಸಿಗಲಿಲ್ಲ. ನೆಲ ಇಲ್ಲದವರು ಅಡಿಕೆ ತೋಟದ ಒಡೆಯರ ಹತ್ತಿರ ಮದುವೆಗೆ, ಕಾಯಿಲೆಗೆ, ಮಳೆಗಾಲದ ಅಕ್ಕಿಗೆ ಮುಂಗಡ ತಂದರು. ಮುಂಗಡ ತೀರಲಿಲ್ಲ, ಜೀತ ಶುರುವಾಯಿತು. ಗೋವೆಯ ಒಡೆಯ ಹೋಗಿ ಘಟ್ಟದ ಒಡೆಯ ಬಂದ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂದಾಗ ಗೇಣಿದಾರ ನೆಲದ ಒಡೆಯನಾದ. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರಂಥವರು ರೈತರನ್ನು ಕಟ್ಟಿದ್ದರ ಫಲ ಎಷ್ಟೋ ಮನೆಗಳಿಗೆ ಸಿಕ್ಕಿತು. ಆದರೆ ಜೀತದವನು ಗೇಣಿದಾರನಲ್ಲ. ಅವನ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಅವನು ಡಿಕ್ಲರೇಶನ್ ಹಾಕುವುದಾದರೂ ಯಾವ ನೆಲಕ್ಕೆ?

ನಮ್ಮ ಲೇಖನದ ಮಾತೂ ಇಷ್ಟೇ. ಬಿಡುಗಡೆಯಾದವರ ಕಾಲ ಕೆಳಗೆ ನೆಲ, ಕೈಯಲ್ಲಿ ಕೂಲಿ, ಹೆಸರಿಗೆ ಕಾಗದ ಇಲ್ಲದಿದ್ದರೆ ಇನ್ನೊಬ್ಬ ಒಡೆಯ ಸಿಗುತ್ತಾನೆ. ಒಡೆಯನ ಕೈಯಿಂದ ಬಿಡಿಸುವುದು ಒಂದು ದಿನದ ಕೆಲಸ. ಮತ್ತೊಬ್ಬನ ಕೈಗೆ ಬೀಳದ ಹಾಗೆ ನೋಡುವುದು ವರ್ಷಗಟ್ಟಲೆಯ ಕೆಲಸ. ನಮ್ಮ ಕಥೆಗಳೂ ಸರಕಾರವೂ ಆ ಒಂದು ದಿನವನ್ನೇ ಬಣ್ಣಿಸುತ್ತಾ ಕೂತಿವೆ.

ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಇದು ಬರೀ ಮೀಸಲಾತಿಯ ಮಾತು ಅಂತ ತಿಳಿದವರಿದ್ದಾರೆ. ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಹೇಳುವುದೇನು? ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಕಾಡುನೆಲದಲ್ಲಿ ಇದ್ದದ್ದು ತೋರಿಸಿದರೆ ಸಾಕು. ಬೇರೆ ಅರಣ್ಯವಾಸಿಗಳಾದರೆ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಅಡಗಿ ಬದುಕಿದವನು ಎಪ್ಪತ್ತೈದು ವರ್ಷದ ದಾಖಲೆ ಎಲ್ಲಿಂದ ತರಬೇಕು? ದಾಖಲೆಯಲ್ಲಿ ಸಿಗಬಾರದು ಅಂತಲೇ ಅಲ್ಲವೇ ಅವನ ಅಜ್ಜ ಕಾಡು ಹೊಕ್ಕದ್ದು? ಆ ಒಂದು ಜಾತಿಪತ್ರ ನೆಲದ ಪ್ರಶ್ನೆಗೆ ಹೀಗೆ ಹೊಂದಿಕೊಂಡಿದೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಪತ್ರಿಕೆಗಳು ಮೊದಲ ಸಿದ್ದಿ ಶಾಸಕ ಅಂತ ಬರೆದವು. ಹರಾಜುಕಟ್ಟೆಯಿಂದ ವಿಧಾನಸೌಧಕ್ಕೆ ನಾಲ್ಕು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ನಡುವೆ ಮೇಲಿನಿಂದ ಇಳಿದುಬಂದ ಯೋಜನೆಗಳೂ ಇದ್ದವು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ, ಆಟಕ್ಕೆ ತಯಾರು ಮಾಡಲು ಹೊರಟಿತು. ಆಫ್ರಿಕದ ರಕ್ತ, ಒಲಿಂಪಿಕ್ ಪದಕ ಬರುತ್ತದೆ ಅಂತ ಲೆಕ್ಕ. ಮಕ್ಕಳು ಓಡಿದರು, ಗೆದ್ದರು ಕೂಡ. 1993ರಲ್ಲಿ ಯೋಜನೆ ನಿಂತಿತು. ಓದು ಅರ್ಧಕ್ಕೆ ಬಿಟ್ಟವರು ಎಷ್ಟೋ ಮಂದಿ ಊರಿಗೆ ಬಂದು ಮತ್ತೆ ಕೂಲಿಗೆ ನಿಂತರು. ಮೈಯ ಬೆಲೆ ನೋಡಿ ಕರೆದೊಯ್ದು, ಬೇಡವಾದಾಗ ಬಿಟ್ಟುಬಿಡುವುದು ಸಿದ್ದಿಗಳಿಗೆ ಹೊಸತೇನಲ್ಲ. ಈ ಸಲ ಅದು ಒಳ್ಳೆಯ ಉದ್ದೇಶದಿಂದ ನಡೆಯಿತು, ಅಷ್ಟೇ.

ಸಾಹಿತ್ಯದ ಮಾತಿಗೆ ಬರೋಣ. 1980ರ ದಶಕದಲ್ಲಿ ನೀನಾಸಂನವರು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿಗಳನ್ನೇ ಕಟ್ಟಿಕೊಂಡು ನಾಟಕ ಆಡಿಸಿದರು. ಚಿದಂಬರರಾವ್ ಜಂಬೆ ನಿರ್ದೇಶನ. ಚಿನುವಾ ಅಚಿಬೆ 1958ರಲ್ಲಿ ಬರೆದ ನೈಜೀರಿಯದ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಅಂತ ನಾಟಕ ಮಾಡಿದ್ದು. ತೋಟದ ಆಳಾಗಿ ಮಾತ್ರ ಕಂಡವರನ್ನು ಊರವರು ಮೊದಲ ಸಲ ರಂಗದ ಮೇಲೆ ತಲೆಯೆತ್ತಿ ನೋಡಿದರು. ಅದು ಸಣ್ಣ ವಿಷಯವಲ್ಲ. ಒಂದು ಜನ ತಮ್ಮ ದನಿಯನ್ನು ತಾವೇ ದೊಡ್ಡದಾಗಿ ಕೇಳಿಸಿಕೊಳ್ಳುವುದೂ ಗಾಯ ಮಾಯುವ ಒಂದು ದಾರಿಯೇ. ಆದರೂ ಒಂದು ಮಾತು ಹೇಳಲೇಬೇಕು. ಅಚಿಬೆಯದ್ದು ಆಫ್ರಿಕದಲ್ಲೇ ಉಳಿದವರ ಕಥೆ, ಬಿಳಿಯರು ಬಂದು ಊರು ಮುರಿದ ಕಥೆ. ಹಡಗಿಗೆ ಹಾಕಿ ಒಯ್ದವರ ಕಥೆ ಅದಲ್ಲ. ಗೋವೆಯಿಂದ ಘಟ್ಟಕ್ಕೆ ಓಡಿಬಂದ ರಾತ್ರಿಗಳ ಕಥೆ, ಬಂದ ಮೇಲೆ ಮೊದಲ ಗುಡಿಸಲು ಹಾಕಿದ ಕಥೆ ಇನ್ನೂ ಬರೆಯುವುದಿದೆ. ಸಣ್ಣಪತ್ರಿಕೆಗಳು ಕಪ್ಪು ಅಮೆರಿಕದ ಕವಿತೆಗಳನ್ನು ಕನ್ನಡಕ್ಕೆ ತಂದವು. ಮಹಾರಾಷ್ಟ್ರದ ಗೆಳೆಯರು 1972ರಲ್ಲಿ ಸಂಘಟನೆ ಕಟ್ಟಿದಾಗ ಪ್ಯಾಂಥರ್ ಎಂಬ ಹೆಸರನ್ನೇ ಅಲ್ಲಿಂದ ತಂದರು. ನಮ್ಮದೇ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನ ಕಥೆಗೆ ಮಾತ್ರ ಕನ್ನಡದಲ್ಲಿ ಜಾಗ ಇನ್ನೂ ಕಡಿಮೆ.

*

ಗೋವೆಯಿಂದ ಓಡಿಬಂದ ದಾರಿಯಲ್ಲೇ ಉಲ್ಟಾ ಪ್ರಯಾಣವೂ ನಡೆಯಿತು. ವಾಸ್ಕೋ ಪಟ್ಟಣದ ಬಾಯ್ನಾ ಎಂಬಲ್ಲಿ, ಸಮುದ್ರದ ದಂಡೆಗೆ, ಮೈ ಮಾರುವ ಗುಡಿಸಲುಗಳ ಒಂದು ಕೇರಿಯೇ ಇತ್ತು. ಅಲ್ಲಿದ್ದ ಹೆಂಗಸರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದವರು, ಆಂಧ್ರದವರು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಕೇರಿಗಳ ಅಕ್ಕತಂಗಿಯರೂ ಅವರಲ್ಲಿ ಇದ್ದರು. 1982ರ ಕರ್ನಾಟಕದ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಎಂದಿತು. ಆದರೆ ಮುತ್ತು ಕಟ್ಟಿದವಳನ್ನು ಗೋವೆಯ ಬಸ್ಸಿಗೆ ಹತ್ತಿಸಿದವನು ಸಿಕ್ಕಿಬೀಳಲಿಲ್ಲ.

2003ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ಗೋವಾ ಪೀಠ ಆ ಗುಡಿಸಲುಗಳನ್ನು ತೆಗೆಸಬೇಕು, ಅಲ್ಲಿಯ ಹೆಂಗಸರಿಗೆ ಪುನರ್ವಸತಿ ಮಾಡಬೇಕು ಅಂತ ಹೇಳಿತು. 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿಯುವ ಹೊತ್ತಿಗೆ, ಬುಲ್ಡೋಜರ್ ಬಂತು. ಕೆಡವುವ ಕೆಲಸ ಆಯಿತು, ಕಟ್ಟುವ ಕೆಲಸ ಹಿಂದೆ ಬಿತ್ತು. ಆ ದಂಧೆಗೆ ಸಂಬಂಧವೇ ಇಲ್ಲದ ಕೂಲಿ ಕನ್ನಡಿಗರ ಮನೆಗಳೂ ಅದರಲ್ಲಿ ಹೋದವು. ದಂಧೆ ನಿಲ್ಲಲಿಲ್ಲ, ಚದುರಿತು. ಒಂದು ಕೇರಿಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಹೆಂಗಸರು ಲಾಜುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಕಣ್ಮರೆಯಾದರು.

ಇದೇ ಬಾಯ್ನಾದಲ್ಲಿ ಬೇರೆ ತರಹದ ಕೆಲಸವೂ ನಡೆಯಿತು. 1997ರಿಂದ ಅಲ್ಲಿದ್ದ ಅನ್ಯಾಯ ರಹಿತ ಜಿಂದಗಿ ಎಂಬ ಸಂಸ್ಥೆ, ಜನ ಅದನ್ನು ಅರ್ಜ್ ಅನ್ನುತ್ತಾರೆ, ಬಟ್ಟೆ ಒಗೆಯುವ ಒಂದು ಯಂತ್ರಶಾಲೆ ತೆರೆಯಿತು. ಸ್ವಿಫ್ಟ್ ವಾಶ್ ಅಂತ ಹೆಸರು. ದಂಧೆಯಿಂದ ಹೊರಬಂದ ಹೆಂಗಸರು ಅಲ್ಲಿ ಕೆಲಸಗಾರರು. ಕೈಗೆ ಸಂಬಳ, ಹೊತ್ತಿಗೆ ಸರಿಯಾಗಿ ಪಾಳಿ, ಬೆಳಗ್ಗೆ ಹೊರಡಲು ಒಂದು ಜಾಗ. ಇದರಲ್ಲಿ ಕವಿತೆ ಬರೆಯುವಂಥದ್ದು ಎಂತ ಇದೆ ಅಂತ ಯಾರಾದರೂ ಕೇಳಬಹುದು. ಮಾರಾಟವಾದವಳ ದಿನದಲ್ಲಿ ಮೊದಲು ಕಳವಾಗುವುದೇ ಹೊತ್ತು. ಯಾವಾಗ ಏಳಬೇಕು, ಯಾವಾಗ ಮಲಗಬೇಕು, ಯಾವಾಗ ಬಾಗಿಲು ತೆರೆಯಬೇಕು ಎಂಬುದು ಇನ್ನೊಬ್ಬನ ಕೈಯಲ್ಲಿತ್ತು. ತನ್ನ ಹೊತ್ತು ತನ್ನ ಕೈಗೆ ಬಂದಾಗ ಮನಸ್ಸು ಮಾಯಲು ಶುರುವಾಗುತ್ತದೆ. ಹೊಲಿಗೆ ಯಂತ್ರ ಕೊಟ್ಟು ಫೋಟೋ ಹೊಡೆಸಿಕೊಂಡು ಹೋಗುವ ಪುನರ್ವಸತಿಗೂ ತಿಂಗಳ ಸಂಬಳಕ್ಕೂ ಇರುವ ವ್ಯತ್ಯಾಸ ಇದೇ.

*

ಕಾಯ್ದೆಯೂ ಒಂದು ಕೃತಿ. ಕಾದಂಬರಿಯನ್ನು ವಿಮರ್ಶೆ ಮಾಡುವವರು ಅದನ್ನೂ ವಿಮರ್ಶೆ ಮಾಡಬೇಕು, ಅದರ ಪದಗಳನ್ನು ತೂಗಿ ನೋಡಬೇಕು.

'ಕಳ್ಳಸಾಗಣೆ' ಎಂಬ ಪದ ನೋಡಿ. ಕತ್ತಲು, ಮುಸುಕು, ಕಳ್ಳದಾರಿ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಆಗುವುದು ಹಾಗಲ್ಲ ಮಾರಾಯ್ರೇ. ಹಾಡುಹಗಲು, ಸರಕಾರಿ ಬಸ್ಸಿನಲ್ಲಿ, ಅಪ್ಪ ಅಮ್ಮನ ಮುಂದೆ, ಗುರುತಿನವರೇ ಮುಂಗಡ ಕೊಟ್ಟು ಕರೆದೊಯ್ಯುತ್ತಾರೆ. 'ಒಳ್ಳೆ ಮನೆ, ಊಟ ಬಟ್ಟೆ ನೋಡಿಕೊಳ್ತಾರೆ' ಅನ್ನುತ್ತಾರೆ. ಊರವರು ಕಳ್ಳನನ್ನು ಹುಡುಕುತ್ತಾ ಇರುತ್ತಾರೆ, ಮುಂಗಡ ಕೊಟ್ಟವನು ಜಗಲಿಯ ಮೇಲೆ ಚಾ ಕುಡಿಯುತ್ತಾ ಇರುತ್ತಾನೆ.

'ಅನೈತಿಕ ವ್ಯಾಪಾರ' ಎಂಬುದು 1956ರ ಕಾಯ್ದೆಯ ಪದ. ಯಾರ ನೀತಿ? ಆ ಕಾಯ್ದೆಯ 17ನೇ ಕಲಮಿನ ಪ್ರಕಾರ ಬಿಡಿಸಿ ತಂದವಳನ್ನು ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷ ರಕ್ಷಣಾಗೃಹದಲ್ಲಿ ಇಡಬಹುದು. ಮಾರಿದವನಿಗೆ ಜಾಮೀನು ಸಿಗುತ್ತದೆ, ಮಾರಾಟವಾದವಳಿಗೆ ಬೀಗ ಬೀಳುತ್ತದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ, ಇಂಥ ಗೃಹಗಳಲ್ಲಿ ಇಷ್ಟಕ್ಕೆ ವಿರುದ್ಧವಾಗಿ ಇಟ್ಟಿರುವ ವಯಸ್ಕ ಹೆಂಗಸರನ್ನು ಗುರುತಿಸಿ ಬಿಡಬೇಕು ಅಂತ ಹೇಳಬೇಕಾಯಿತು. ಅದೇ ವರ್ಷ ಕೇಂದ್ರ ಸರಕಾರ 'ಉಜ್ವಲಾ', 'ಸ್ವಾಧಾರ' ಗೃಹಗಳನ್ನು ಒಟ್ಟು ಮಾಡಿ 'ಶಕ್ತಿ ಸದನ' ಅಂತ ಹೆಸರಿಟ್ಟಿತು. ಹೆಸರು ಚಂದ ಇದೆ. ಬಾಗಿಲು ಒಳಗಿನಿಂದ ತೆರೆಯಲು ಬರುತ್ತದೋ ಇಲ್ಲವೋ ಎಂಬುದು ನಮ್ಮ ಪ್ರಶ್ನೆ.

ಇನ್ನು ದುಡ್ಡಿನ ಲೆಕ್ಕ. 2016ರ ಕೇಂದ್ರ ಯೋಜನೆಯಲ್ಲಿ ಜೀತದಿಂದ ಬಿಡುಗಡೆಯಾದ ಗಂಡಾಳಿಗೆ ಒಂದು ಲಕ್ಷ, ಹೆಂಗಸರು ಮಕ್ಕಳಿಗೆ ಎರಡು ಲಕ್ಷ, ವೇಶ್ಯಾಗೃಹ ಮತ್ತು ಸಾಗಣೆಯಂಥ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ಅಂತ ಬರೆದರು. ಕೂಡಲೇ ಕೈಗೆ ಕೊಡುವ ಹಣ ಮೊದಲು 20,000 ಇತ್ತು, 2022ರಿಂದ 30,000 ಆಯಿತು. ಓದಲಿಕ್ಕೆ ಚೆನ್ನಾಗಿದೆ. ಆದರೆ ಆ ಪೂರ್ತಿ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಕಟ್ಟಿಹಾಕಿದ್ದಾರೆ. ಅಂದರೆ ಮನ್ವೇಲನ ಅಪರಾಧ ಕೋರ್ಟಿನಲ್ಲಿ ಸಾಬೀತಾದ ಮೇಲೆ ಬೆಳ್ಳಿಗೆ ದುಡ್ಡು. ಅಲ್ಲಿಯವರೆಗೆ ಅವಳು ಏನು ತಿನ್ನಬೇಕು? ಯಾರ ಹತ್ತಿರ ಸಾಲ ಮಾಡಬೇಕು? ಸುಪ್ರೀಂ ಕೋರ್ಟು 1983-84ರಲ್ಲೇ ಬಂಧುವಾ ಮುಕ್ತಿ ಮೋರ್ಚಾ ಮತ್ತು ನೀರಜಾ ಚೌಧರಿ ತೀರ್ಪುಗಳಲ್ಲಿ, ಪುನರ್ವಸತಿ ಇಲ್ಲದ ಬಿಡುಗಡೆ ಜೀತದವನನ್ನು ಮತ್ತೆ ಹಸಿವಿಗೆ, ಮತ್ತೆ ಜೀತಕ್ಕೆ ತಳ್ಳುತ್ತದೆ ಎಂಬುದನ್ನು ಸ್ಪಷ್ಟಪಡಿಸಿತ್ತು. ನಾಲ್ಕು ದಶಕ ಕಳೆದರೂ ಕಾಗದ ಬರೆಯುವವರು ಆ ಪಾಠ ಕಲಿತಿಲ್ಲ.

ಹಾಗಂತ ಕಾಯ್ದೆಯನ್ನು ಎಸೆದುಬಿಡಬೇಕೇ? ಬೇಡ. ಅದರೊಳಗೆ ನಮ್ಮವರ ಹೋರಾಟದಿಂದ ಬಂದ ಸಾಲುಗಳೂ ಇವೆ, ಅವನ್ನು ಹಳ್ಳಿಯ ಮೇಷ್ಟ್ರುಗಳು ಬಾಯಿಪಾಠ ಮಾಡಿಕೊಳ್ಳಬೇಕು. 1976ರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಇದು ಜೀತದ ಸಾಲ ಅಂತ ಆಳು ಹೇಳಿದರೆ ಸಾಕು, ಅಲ್ಲ ಅಂತ ಸಾಬೀತು ಮಾಡುವ ಹೊರೆ ಸಾಲ ಕೊಟ್ಟವನದು. ಬಿಡುಗಡೆ ಪತ್ರ ಎಂಬ ಒಂದು ಹಾಳೆ ಕೈಗೆ ಬಾರದೆ ಮುಂದಿನ ಯಾವ ಸವಲತ್ತೂ ಇಲ್ಲ, ಆದ್ದರಿಂದ ಮೊದಲು ಅದನ್ನು ಕೇಳಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಲ್ಲಿ, ಮಾರಾಟಕ್ಕೆ, ಬಿಟ್ಟಿಗೆ ಒಳಗಾದವರಿಗೆ ವಕೀಲರನ್ನು ಪುಕ್ಕಟೆ ಕೊಡಬೇಕು ಅಂತಿದೆ, ಆದಾಯದ ಸರ್ಟಿಫಿಕೇಟು ಬೇಕಿಲ್ಲ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು. ಮಗು ಮರಳಿ ಬಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಟಿ.ಸಿ. ಇಲ್ಲ, ಜನ್ಮದಾಖಲೆ ಇಲ್ಲ ಅಂತ ಆ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಹೇಳಿಕೊಡಬೇಕು.

ಕಾನೂನಿನಲ್ಲಿ ಬರೆಯದ ಕೆಲಸವೂ ಒಂದಿದೆ. ಮರಳಿ ಬಂದ ಹುಡುಗಿಯನ್ನು ಊರು ಮೊದಲು ಕೇಳುವುದೇ 'ಅಲ್ಲಿ ಎಂತ ಆಯ್ತು?' ಅಂತ. ಪೊಲೀಸರು ಕೇಳಿದ್ದಾರೆ, ಡಾಕ್ಟರು ಕೇಳಿದ್ದಾರೆ, ಪತ್ರಿಕೆಯವರು ಕೇಳಿದ್ದಾರೆ, ಊರೂ ಕೇಳುತ್ತದೆ. ಅವಳಿಗೆ ಬೇಕಾದ ಪ್ರಶ್ನೆ ಬೇರೆ. 'ಇನ್ನು ಎಂತ ಮಾಡುವಾ ಹೇಳು ತಂಗಿ, ನಾವು ಎಂತ ಮಾಡಬೇಕು?' ಅಂತ ಕೇಳುವವರು ಬೇಕು. ಅವಳು ಹೇಳಲು ತಯಾರಾಗುವವರೆಗೆ ಹಿಂದಿನದ್ದನ್ನು ಕೇಳದೆ ಇರುವುದು, ರಾತ್ರಿ ಬೆಚ್ಚಿ ಎದ್ದರೆ ದೆವ್ವ ಅಂತ ಗಾಡಿಗನ ಹತ್ತಿರ ಒಯ್ಯದೆ ಡಾಕ್ಟರ ಹತ್ತಿರ ಒಯ್ಯುವುದು, ಅವಳ ಜೊತೆ ಸಂತೆಗೆ, ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ನಡೆದುಹೋಗುವುದು. ಇದು ಭಾಷಣಕ್ಕೆ ಸಿಗದ ಕೆಲಸ. ಆದರೆ ಚಳವಳಿ ಎಂದರೆ ಮೆರವಣಿಗೆ ಮುಗಿದ ಮೇಲೆ ಉಳಿಯುವ ಇಂಥ ಕೆಲಸವೂ ಹೌದು.

*

ಗೆಳೆಯರೆ, ಹಾಗಾದರೆ ನಾವು ಬರೆಯುವವರು ಏನು ಮಾಡಬೇಕು? ಕೃತಿಗಳನ್ನು ಅಳೆಯಲು ನವ್ಯದವರು ಭಾಷೆಯ ಕೋಲು ಹಿಡಿದರು, ಪ್ರಗತಿಶೀಲರು ಅನುಕಂಪದ ಕೋಲು ಹಿಡಿದರು. ನಾವು ಇನ್ನೊಂದು ಕೋಲು ಹಿಡಿಯೋಣ. ಮಾರಾಟವಾದವರ ಬಗ್ಗೆ ಬರೆದ ಯಾವುದೇ ಕಥೆ, ಕವಿತೆ, ವರದಿ, ಸರಕಾರಿ ಸುತ್ತೋಲೆ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಇದರಲ್ಲಿ ಅವಳು ಬಾಯಿ ಬಿಟ್ಟಿದ್ದಾಳೋ? ಲೆಕ್ಕದ ಪುಸ್ತಕ ಈಗ ಯಾರ ಕೈಯಲ್ಲಿದೆ? ಬಿಡುಗಡೆಯ ಮರುದಿನ ಬೆಳಗ್ಗೆ ಅವಳು ಎಲ್ಲಿ ಏಳುತ್ತಾಳೆ? ಮೂರಕ್ಕೂ ಉತ್ತರ ಇಲ್ಲದ ಬರಹ ಎಷ್ಟು ಚಂದ ಇದ್ದರೂ ಅದು ಮನ್ವೇಲನ ಪುಸ್ತಕದ ಇನ್ನೊಂದು ಪುಟ.

ಯಲ್ಲಾಪುರದ, ಹಳಿಯಾಳದ ಸಿದ್ದಿ ಹುಡುಗ ಹುಡುಗಿಯರು ಈಗ ಓದುತ್ತಿದ್ದಾರೆ, ನಾಟಕ ಮಾಡುತ್ತಿದ್ದಾರೆ, ಹಾಡುತ್ತಿದ್ದಾರೆ. ಕೇರಿಗಳಿಂದ ಬಂದ ಹೆಣ್ಣುಮಕ್ಕಳು ಬರೆಯುತ್ತಿದ್ದಾರೆ. ಅವರು ಬರೆದಾಗ ಕಥೆ ದುಡಿಯ ಸದ್ದಿನ ಜೊತೆಗೆ ನಿಲ್ಲುವುದಿಲ್ಲ, ನಿಲ್ಲಬಾರದು. ಅಲ್ಲಿ ಪಹಣಿಯ ಮಾತು ಬರುತ್ತದೆ, ಕೂಲಿಯ ಮಾತು ಬರುತ್ತದೆ, ಬಾಡಿಗೆ ಮನೆಯ ಜಗಳ ಬರುತ್ತದೆ, ಮಗಳ ಶಾಲೆಯ ಫೀಸು ಬರುತ್ತದೆ. ಇದರಲ್ಲಿ ಕಲೆ ಎಲ್ಲಿದೆ ಅಂತ ಪೇಟೆಯ ವಿಮರ್ಶಕರು ಕೇಳಿದರೆ ಕೇಳಲಿ. ಈ ಪತ್ರಿಕೆಗೆ ಅವನ್ನು ಕಳಿಸಿ. ತಪ್ಪು ಕನ್ನಡದಲ್ಲಿದ್ದರೂ ಕಳಿಸಿ, ಹೆಸರು ಬೇಡವಾದರೆ ಹೆಸರಿಲ್ಲದೆ ಕಳಿಸಿ.

ಮನ್ವೇಲನ ಪುಸ್ತಕದಲ್ಲಿ ಬೆಳ್ಳಿಯ ಲೆಕ್ಕ ಮುಗಿದಿರಬಹುದು. ಚೋಮನಿಗೂ ಮುಗಿಯಿತು. ಬೆಳ್ಳಿಗೆ ಮುಗಿದಿಲ್ಲ. ಅವಳಿಗೆ ಬರಬೇಕಾದ ಕೂಲಿ, ನೆಲ, ಮನೆ, ಮಾತು ಇನ್ನೂ ಬಾಕಿ ಇದೆ. ಆ ಬಾಕಿ ವಸೂಲಾಗುವವರೆಗೆ 'ಚೋಮನ ದುಡಿ' ಮುಗಿದ ಕಾದಂಬರಿ ಅಂತ ಯಾರೂ ನಮಗೆ ಪಾಠ ಮಾಡುವುದು ಬೇಡ.